ಜಿನ್ನಪ್ಪನವರ ಮನೆಯಲ್ಲಿ ಯಾರೂ ಇರಲಿಲ್ಲ

ಹಿನ್ನೀರಿನಲ್ಲಿ ಮುಳುಗಿದ ತಮ್ಮ ಊರನ್ನು ಗೌರೀಶ ಕಣ್ಣಾರೆ ಕಂಡವನಲ್ಲ. ಆದರೂ ಜಮಖಂಡಿಯಲ್ಲಿ ಡಿಗ್ರಿ ಮುಗಿಸಿ, ಗಲಗಲಿ ಹತ್ತಿರದ ಪುನರ್ವಸತಿ ಕೇಂದ್ರದ ಮನೆಗೆ ಮರಳಿದ ಮೇಲೆ ಅದೇ ಊರಿನ ಓಣಿಯೊಂದನ್ನು ಕಂಪ್ಯೂಟರಿನಲ್ಲಿ ಕಟ್ಟತೊಡಗಿದ. ಊರು ಬಿಟ್ಟ ದಿನ ಯಾವ ಮನೆಯಲ್ಲಿ ಯಾರ್ಯಾರಿದ್ದರೆಂದು ಅಜ್ಜಿ ಹಾಲವ್ವ ಹೇಳುವಳು. ಇವನು ಮನೆಗೊಂದು ಬ್ರಾಕೆಟ್ ತೆರೆದು, ಹೆಸರು ಬರೆದು, ಮುಚ್ಚುವನು. ಡೇಟಾಬೇಸ್ ಅವನದೇ, ಆ ಸಾಲುಗಳನ್ನು ಓದಿ ಬಿಡಿಸುವ ಪಾರ್ಸರೂ ಅವನದೇ. ಹಾಲವ್ವನ ಕಣ್ಣು ಮಂಜಾಗಿತ್ತು. ಓಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ಕಿವಿಯಿಂದಲಾದರೂ ನಡೆಯಬೇಕೆಂಬುದು ಅವಳ ಆಸೆ.

ಒಂದು ಮುಂಜಾನೆ ಕಂಪ್ಯೂಟರ್ ಆ ಸಾಲುಗಳನ್ನು ಗಟ್ಟಿಯಾಗಿ ಓದತೊಡಗಿತು. ಮುರಗೆಪ್ಪನ ಮನೆ ಮುಗಿದು ಬಾವಿ ಮಗ್ಗುಲಿನ ಮನೆ ಬಂದದ್ದೇ ಅವಳು ಕೈಯೆತ್ತಿದಳು.

"ಲೇ, ನಡುವ ಜಿನ್ನಪ್ಪನವರ ಮನಿ ಎಲ್ಲಿ ಹೋತು?"

"ಅವ್ರು ಊರು ಬಿಡೂದಕ್ಕ ವರ್ಷ ಮೊದಲೇ ತೇರದಾಳಕ್ಕ ಹೋಗಿದ್ರಲ್ಲಾ ಆಯಿ. ಹೆಸರ ಒಂದೂ ಇರಲಿಲ್ಲ, ತಗದೆ."

"ಮಂದಿ ಹೋಗಿದ್ರು. ಮನಿ ಹೋಗಿತ್ತೇನು?"

ಗೌರೀಶ ಆ ಮನೆಯನ್ನು ಮತ್ತೆ ಸೇರಿಸಲು ಕೂತ. ಬ್ರಾಕೆಟ್ ತೆರೆದೊಡನೆ ಅವನ ಪಾರ್ಸರ್ ಹೆಸರು ಕೇಳುತ್ತಿತ್ತು. ಸಿಗದಿದ್ದರೆ ತಪ್ಪೆಂದು ನಿಂತುಬಿಡುತ್ತಿತ್ತು. ಈಗ ಅವಸರದಲ್ಲಿ ಬ್ರಾಕೆಟ್ಟಿನೊಳಗೆ 'ಯಾರೂ ಇಲ್ಲ' ಎಂದು ಬರೆದ. ಪಾರ್ಸರ್ ಅದನ್ನೂ ಬರೆದದ್ದು ಬರೆದಂತೆಯೇ, ಒಂದು ಹೆಸರೆಂದೇ ತೆಗೆದುಕೊಂಡಿತು.

"ಜಿನ್ನಪ್ಪನವರ ಮನೆ. ಇದ್ದವರು ಒಬ್ಬರು. ಯಾರೂ ಇಲ್ಲ."

ಹಾಲವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಯಾರೂ ಇಲ್ಲ ಅನ್ನಾಂವ ಯಾವೂರಾಂವಲೇ? ನಮ್ಮ ಓಣ್ಯಾಗ ಹಂತಾಂವ ಇರಲಿಲ್ಲ ಬಿಡು." ನಗು ಇಳಿದ ಮೇಲೆ ಮೆಲ್ಲಗೆ, "ನನ್ನ ಹೆಸರ ಹಾಕಿಬಿಡು. ರಾಜಮತಿ ಹೋದಮ್ಯಾಲೂ ಸಂಜಿಕ ಆಕಿ ಕಟ್ಟಿಮ್ಯಾಲ ನಾನೇ ಕೂಡ್ತಿದ್ದೆ," ಎಂದಳು.

ರಾಜಮತಿ ಜಿನ್ನಪ್ಪನ ಹೆಂಡತಿ, ಅಜ್ಜಿಯ ಜೀವದ ಗೆಳತಿ.

"ನಿನ್ನ ಹೆಸರ ನಮ್ಮ ಮನ್ಯಾಗ ಐತಿ, ಆಯಿ."

"ಖರೆ," ಎಂದು ಒಪ್ಪಿಕೊಂಡಳು.

ಹಾಕಿಬಿಡಬಹುದಿತ್ತು. ಮುದುಕಿಗೆ ಸಮಾಧಾನ, ಅವನಿಗೂ ಕೆಲಸ ಹಗುರ. ಆದರೆ ಹಾಗೆ ತುಂಬಿದರೆ ಅದು ಅಜ್ಜಿ ಬಿಟ್ಟುಬಂದ ಓಣಿಯಾಗುತ್ತಿರಲಿಲ್ಲ. ಗೌರೀಶ ಪಾರ್ಸರನ್ನೇ ಬಿಚ್ಚಿದ. ಅಲ್ಲಿಯವರೆಗೆ ಮೊದಲ ಹೆಸರು ಬಂದಮೇಲಷ್ಟೇ ಮನೆಯ ಪಟ್ಟಿ ಹುಟ್ಟುತ್ತಿತ್ತು. ಇನ್ನು ಬ್ರಾಕೆಟ್ ತೆರೆದಾಗಲೇ ಹುಟ್ಟಲಿ, ಹೆಸರು ಬಂದರೆ ಬರಲಿ, ಬಾರದೆ ಮುಚ್ಚಿದರೂ ಅದು ಪಟ್ಟಿಯೇ ಎಂದು ತಿದ್ದಿ ಬರೆದ. ಮಧ್ಯಾಹ್ನವಾಯಿತು. ಅಜ್ಜಿ ಕೂತಲ್ಲಿಂದ ಏಳಲಿಲ್ಲ.

"ಜಿನ್ನಪ್ಪನವರ ಮನೆ," ಎಂದಿತು ಕಂಪ್ಯೂಟರ್. "ಇದ್ದವರು..."

ಪಟ್ಟಿ ಖಾಲಿ, ಎಣಿಸಲು ಯಾರೂ ಇಲ್ಲ, ಮುಂದೆ ಮಾತಿಲ್ಲ. ಅದು ಮುಂದಿನ ಮನೆಗೆ ದಾಟುವ ಮೊದಲೇ ಗೌರೀಶ ಓದು ನಿಲ್ಲಿಸಿದ.

"ರಾಜಮತಿ ಚಾವಿ ನನ್ನ ಕಡೆ ಕೊಟ್ಟು ಹೋಗಿದ್ಲು," ಹಾಲವ್ವ ಅಂದಳು. "ಇವತ್ತ ಬರ್ತಾಳ, ನಾಳಿ ಬರ್ತಾಳ ಅಂತ ದಿನಾ ಆಕಿ ಅಂಗಳದ ಕಸಾ ಹೊಡೀತಿದ್ದೆ. ಊರು ಬಿಟ್ಟ ದಿನಾನೂ ಹೊಡದು, ನೀರು ಚಿಮುಕಿಸಿ ಬಂದೆ ನೋಡು. ಎಲ್ಲಾ ಮುಳಗತೈತಿ ಅಂತ ಗೊತ್ತಿದ್ದೂ."

ಬಾವಿ ಮಗ್ಗುಲಿನ ಮನೆಗೆ ಹೋಗಲು ಗೌರೀಶ ಅವಸರ ಮಾಡಲಿಲ್ಲ.