ಚೀಟಿಯಿಲ್ಲದ ದವಡೆ

ಹಲ್ಲಿನ ಸೆಟ್ ಕಟ್ಟುವವನ ಮಗಳಿಗೆ ಮನೆಯಲ್ಲಿ ಚಿನಕುರುಳಿ ಎಂದೇ ಹೆಸರು. ಕಾಲೇಜಿಗೆ ಸೇರಿ ತಿಂಗಳಾಗುವಷ್ಟರಲ್ಲಿ ಆ ಹೆಸರು ಅಲ್ಲಿಗೂ ಹಬ್ಬಿತ್ತು. ಅವಳು ಮಾನವಶಾಸ್ತ್ರ ಆರಿಸಿಕೊಂಡದ್ದಕ್ಕೆ ಘನವಾದ ಕಾರಣವೇನೂ ಇರಲಿಲ್ಲ. ಬೇರೆ ವಿಷಯಗಳ ಮುಂದೆ ಸಾಲು ಉದ್ದವಿತ್ತು, ಅಷ್ಟೆ. ಆದರೆ ಒಳಗೆ ಕಾಲಿಟ್ಟ ಮೇಲೆ ಮನಸ್ಸು ಅಂಟಿಕೊಂಡಿತು. ತಲೆಬುರುಡೆ, ತೊಡೆಮೂಳೆ, ಲಕ್ಷಾಂತರ ವರ್ಷಗಳ ಹಿಂದಿನ ದವಡೆಗಳ ಪ್ಲಾಸ್ಟರ್ ಪ್ರತಿಗಳು, ಎಲ್ಲವೂ ಪ್ರಯೋಗಾಲಯದ ಮರದ ತಟ್ಟೆಗಳಲ್ಲಿ ಮೈಗೊಂದು ಚೀಟಿ ಅಂಟಿಸಿಕೊಂಡು ಕೂತಿದ್ದವು.

ಪಾಠ ಮಾಡುವ ಮೇಷ್ಟ್ರು ಒಳ್ಳೆಯವರೇ. ಆದರೆ ಅನುಮಾನ ಎಂಬುದು ಅವರ ಹತ್ತಿರವೂ ಸುಳಿಯುತ್ತಿರಲಿಲ್ಲ. ಒಂದು ಹಲ್ಲು ಕೈಗೆ ಕೊಟ್ಟರೆ ಸಾಕು, ಅದರ ಒಡೆಯನ ವಯಸ್ಸು, ಊಟ, ಸ್ವಭಾವ ಸಮೇತ ಹೇಳಿಬಿಡುತ್ತೇನೆ ಎನ್ನುತ್ತಿದ್ದರು. ಯಾವತ್ತೂ ತಪ್ಪಾಗುವುದಿಲ್ಲವೇ ಎಂದು ಚಿನಕುರುಳಿ ಎದ್ದು ಕೇಳಿದ್ದಕ್ಕೆ, ಹಲ್ಲು ಸುಳ್ಳು ಹೇಳುವುದಿಲ್ಲ ಎಂದು ಕೂರಿಸಿದರು. ಅವಳು ಕೂತಳು. ಆದರೆ ತಲೆಯೊಳಗೆ ಹುಳ ಹೊಕ್ಕಿತು.

ಅಪ್ಪನ ಕೆಲಸದ ಕೋಣೆಯ ಕಪಾಟಿನಲ್ಲಿ, ಹಲ್ಲಿನ ಡಾಕ್ಟರು ಕಳಿಸಿದ ರೋಗಿಗಳ ದವಡೆಯ ಪ್ಲಾಸ್ಟರ್ ಅಚ್ಚುಗಳು ಸಾಲಾಗಿ ಇರುತ್ತಿದ್ದವು. ಒಂದು ಶನಿವಾರ ಧೂಳು ಒರೆಸುವಾಗ, ಒಂದು ಕೆಳದವಡೆಯ ಅಡಿಯಲ್ಲಿ ಪೆನ್ಸಿಲ್ಲಿನಿಂದ ಬರೆದ ಮೇಷ್ಟ್ರ ಹೆಸರು ಕಂಡಿತು. ಬಲಗಡೆ ಎರಡು ದವಡೆಹಲ್ಲು ನಾಪತ್ತೆ. ಆ ಜಾಗ ತುಂಬಲು ಅಪ್ಪ ಸೆಟ್ ಕಟ್ಟಬೇಕಿತ್ತು. ಚಿನಕುರುಳಿಗೆ ಕೈ ತಡೆಯಲಿಲ್ಲ. ಹೆಸರನ್ನು ಕೆರೆದಳು, ಅಡಿಭಾಗದ ಅಂಚನ್ನು ಒಡೆದಳು, ಚಹಾದ ಡಿಕಾಕ್ಷನ್ನಿನಲ್ಲಿ ನೆನೆಹಾಕಿದಳು, ಹೂಕುಂಡದ ಮಣ್ಣು ತಿಕ್ಕಿದಳು. ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಕೊನೆಯ ತಟ್ಟೆಯಲ್ಲಿ ಇಟ್ಟಳು.

ಮೇಷ್ಟ್ರ ಕಣ್ಣಿಗೆ ಅದು ಬೀಳಲು ಐದು ನಿಮಿಷವೂ ಬೇಕಾಗಲಿಲ್ಲ. ಚೀಟಿ ಇರಲಿಲ್ಲವಾದ್ದರಿಂದ, ತಮಗಿಂತ ಹಿಂದೆ ಇದ್ದ ಯಾರೋ ಮೇಷ್ಟ್ರು ಮರೆತು ಬಿಟ್ಟ ಹಳೆಯ ಪ್ರತಿ ಎಂದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಶುರುವಾಯಿತು. ಎಡಗಡೆಯ ಹಲ್ಲುಗಳು ಹೆಚ್ಚು ಸವೆದಿವೆ, ಅಂದರೆ ವರ್ಷಗಟ್ಟಲೆ ಒಂದೇ ಬದಿಯಲ್ಲಿ ಅಗಿದ ಜೀವ. ನೋವಿದ್ದರೂ ಯಾರಿಗೂ ಹೇಳದ ಹಟಮಾರಿ. ಹಲ್ಲು ಕಡಿಯುವ ಚಾಳಿ ಇತ್ತು, ಹಾಗಾಗಿ ಸಿಡುಕಿ.

"ಕೋರೆಹಲ್ಲು ನೋಡಿ, ಎಷ್ಟು ಸಣ್ಣದಿದೆ. ಇದು ಹೆಂಗಸು. ಅನುಮಾನವೇ ಬೇಡ," ಎಂದರು.

ಹಿಂದಿನ ಬೆಂಚಿನವರು ಆಗಲೇ ಅದಕ್ಕೆ ಸಿಡುಕಜ್ಜಿ ಎಂದು ನಾಮಕರಣ ಮಾಡಿದರು. ಚಿನಕುರುಳಿ ಪೆನ್ನು ಬಿದ್ದ ನೆಪ ಮಾಡಿ ಬೆಂಚಿನ ಕೆಳಗೆ ಕೂತು, ಬಾಯಿಗೆ ದುಪಟ್ಟಾ ತುರುಕಿಕೊಂಡು ನಕ್ಕಳು. ಆದರೆ ತರಗತಿ ಮುಗಿಯುವಾಗ ಮೇಷ್ಟ್ರು, ಬುಧವಾರ ವಿಭಾಗದ ಹಿರಿಯ ಪ್ರಾಧ್ಯಾಪಕರು ಬರುತ್ತಾರೆ, ಇದನ್ನು ಅವರಿಗೂ ತೋರಿಸಬೇಕು ಎಂದು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡರು. ಅವಳ ನಗು ಅಲ್ಲಿಗೇ ನಿಂತಿತು.

ಸಂಜೆ ಮನೆಗೆ ಬಂದರೆ ಅಪ್ಪ ಕಪಾಟನ್ನೆಲ್ಲ ಬುಡಮೇಲು ಮಾಡುತ್ತಿದ್ದ. ಇನ್ನು ಮುಚ್ಚಿಡುವಂತಿರಲಿಲ್ಲ, ಎಲ್ಲ ಬಾಯಿಬಿಟ್ಟಳು. ಅಪ್ಪ ಗೋಡೆಯ ಕಡೆ ತಿರುಗಿ ನಿಂತ. ಅವನ ಭುಜ ಕುಲುಕುತ್ತಿದ್ದುದು ಸಿಟ್ಟಿಗಲ್ಲ ಎಂದು ಅವಳಿಗೆ ಗೊತ್ತಾಯಿತು. ಈ ಕಡೆ ತಿರುಗಿದಾಗ ಮಾತ್ರ ಮುಖದಲ್ಲಿ ನಗುವಿರಲಿಲ್ಲ.

"ನಂಗೆ ನಗು ಬಂತು, ಅದು ಬೇರೆ ಮಾತು. ಆದ್ರೆ ಒಬ್ರು ನಮ್ಮನ್ನ ನಂಬಿ ಕೊಟ್ಟ ವಸ್ತು ಈ ಕೋಣೆಯಿಂದ ಹೊರಗೆ ಹೋಯ್ತು. ನಾಳೆ ನೀನೇ ಹೋಗಿ ಹೇಳ್ಬೇಕು. ನಾನು ಜೊತೆಗೆ ಬರಲ್ಲ."

ಮರುದಿನ ಮೇಷ್ಟ್ರ ಕೋಣೆಯಲ್ಲಿ ನಿಂತು ಅವಳು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮೇಷ್ಟ್ರು ಬೀರು ತೆಗೆದು ದವಡೆಯನ್ನು ಮೇಜಿನ ಮೇಲಿಟ್ಟರು. ಅವರ ನಾಲಿಗೆ ಬಲಗೆನ್ನೆಯೊಳಗೆ ಆ ಖಾಲಿ ಜಾಗವನ್ನು ತಡಕಾಡುತ್ತಿದ್ದುದು ಹೊರಗಿನಿಂದಲೇ ಕಾಣುತ್ತಿತ್ತು.

"ಒಂದೇ ಕಡೆ ಅಗಿಯೋದು ಸರಿಯಾಗಿ ಹೇಳಿದ್ದೆ, ಅಲ್ವಾ?" ಎಂದು ಕೇಳಿದರು ಕೊನೆಗೆ.

"ಹೌದು ಸರ್."

"ಸಿಡುಕಿ ಅಂದದ್ದು?"

"ಅದನ್ನ ನೀವೇ ಹೇಳ್ಬೇಕು ಸರ್."

ಮೇಷ್ಟ್ರ ಮೀಸೆ ಅಲುಗಿತು. ಮರುಕ್ಷಣವೇ ಬೈಗುಳ ಆರಂಭವಾಯಿತು. ಕೇಳದೆ ಇನ್ನೊಬ್ಬರ ದವಡೆ ಎತ್ತಿಕೊಂಡು ಬರುವುದು ತಮಾಷೆಯಲ್ಲ ಎಂದರು. ಇವಳ ದೆಸೆಯಿಂದ ತಾವು ಮತ್ತೊಮ್ಮೆ ಅಚ್ಚು ತೆಗೆಯುವ ಆ ಗುಲಾಬಿ ಬಣ್ಣದ ಅಂಟು ಕಚ್ಚಿಕೊಂಡು ಡಾಕ್ಟರ ಮುಂದೆ ಓಕರಿಸಬೇಕು ಎಂದರು. ಚಿನಕುರುಳಿಯ ಕಣ್ಣು ತುಂಬಿ ಬಂತು. ಮಾಡುವಾಗ ಆ ಓಕರಿಕೆಯ ಯೋಚನೆ ಅವಳಿಗೆ ಬಂದೇ ಇರಲಿಲ್ಲ.

ಆದರೆ ಅವಳನ್ನು ತರಗತಿಯ ಮುಂದೆ ನಿಲ್ಲಿಸಲಿಲ್ಲ. ಬುಧವಾರ ಹಿರಿಯ ಪ್ರಾಧ್ಯಾಪಕರು ಮುಂದಿನ ಸಾಲಿನಲ್ಲಿ ಕೂತಿದ್ದಾಗ ಮೇಷ್ಟ್ರು ತಾವೇ ಎದ್ದು, "ಮೊನ್ನೆ ನೀವು ನೋಡಿದ ಅಜ್ಜಿ ಈಗ ನಿಮ್ಮೆದುರಿಗೆ ನಿಂತಿದ್ದಾಳೆ," ಎಂದು ಬಾಯಿ ತೆರೆದು ತೋರಿಸಿದರು. ಮೊದಲು ನಕ್ಕವರು ಹಿರಿಯ ಪ್ರಾಧ್ಯಾಪಕರೇ. ಆಮೇಲೆ ಇಡೀ ತರಗತಿಯನ್ನು ಹಿಡಿಯುವವರಿರಲಿಲ್ಲ.

ಚಿನಕುರುಳಿಗೆ ಸಿಕ್ಕಿದ ಶಿಕ್ಷೆ ಬೇರೆ. ಅಪ್ಪನ ಸಹಾಯದಿಂದ, ಅವಳೂ ಸೇರಿ ತರಗತಿಯ ಇಪ್ಪತ್ತೆರಡು ಮಂದಿಯ ಹಲ್ಲಿನ ಅಚ್ಚನ್ನೂ ಅವರವರ ಒಪ್ಪಿಗೆ ಕೇಳಿ ತೆಗೆಯಬೇಕು. ಹೆಸರಿಲ್ಲದೆ ಬರೀ ನಂಬರು ಹಾಕಿ, ಎಲ್ಲರೂ ಕೋರೆಹಲ್ಲು ಅಳೆಯಬೇಕು. ಎರಡು ವಾರ ಅವಳು ಪ್ಲಾಸ್ಟರ್ ಕಲಸಿ ಕಲಸಿ ಕೈ ಒಡೆಸಿಕೊಂಡಳು. ಅಳತೆಯ ದಿನ ನೋಡಿದರೆ, ಮೇಷ್ಟ್ರದ್ದಕ್ಕಿಂತ ದೊಡ್ಡ ಕೋರೆಹಲ್ಲಿನ ಹುಡುಗಿಯರು ಐವರಿದ್ದರು. ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದರು.

ಏಳನೇ ನಂಬರಿನ ಮುಂದೆ ಮಾತ್ರ ಗದ್ದಲವೋ ಗದ್ದಲ. ಮುಂದಿನ ಹಲ್ಲುಗಳು ತೀರಾ ಸವೆದಿವೆ, ಒಂದರ ಮೂಲೆ ಹಾರಿದೆ. ಇದು ಐವತ್ತು ದಾಟಿದ ಗಂಡಸಿನದು, ಯಾರೋ ಅವರಪ್ಪನ ಅಚ್ಚು ತಂದಿಟ್ಟಿದ್ದಾರೆ ಎಂದು ಎಲ್ಲರೂ ಒಮ್ಮತಕ್ಕೆ ಬಂದರು. ಚಿಕ್ಕಂದಿನಿಂದ ಪೆನ್ನಿನ ಮುಚ್ಚಳ ಕಡಿಯುತ್ತ ಬಂದಿದ್ದ ಚಿನಕುರುಳಿ ತುಟಿ ಬಿಗಿಹಿಡಿದುಕೊಂಡು ಏಳರ ಅಳತೆ ಬರೆದುಕೊಂಡಳು, ಎಂಟನೆಯದನ್ನು ಕೈಗೆತ್ತಿಕೊಂಡಳು.