ಜಾಡಿ ಕಟ್ಟೆ

ಪ್ಯೋ ದೊಕ್ಗು ಕರಣೆ ಹಿಡಿದು ನನ್ನ ಅಂಗಳಕ್ಕೆ ಕಾಲಿಟ್ಟಾಗಲೇ ನನ್ನ ಮೈ ಉರಿದುಹೋಯಿತು. ಪಕ್ಕದ ಮನೆಯವನು, ಗಾರೆ ಕೆಲಸದ ಗುತ್ತಿಗೆದಾರ. ಅಂಗಳದಲ್ಲಿ ಸಾಸಿನ ಜಾಡಿಗಳನ್ನಿಡುವ ನನ್ನ ಜಾಡಿ ಕಟ್ಟೆಗೆ ಕಾಂಕ್ರೀಟ್ ಹಾಕಿದವನೂ ಅವನೇ.

ಹೋದ ವಾರ ಆ ಕಟ್ಟೆಯ ಮೂಲೆ ಕುಸಿದು, ನಮ್ಮತ್ತೆಯ ದೊಡ್ಡ ಜಾಡಿ ಉರುಳಿ ಒಡೆದುಹೋಯಿತು. ಅದರಲ್ಲಿದ್ದದ್ದು ಹೆಪ್ಪಿನ ಸೋಯಾ ಸಾಸ್. ಅತ್ತೆಯ ಅತ್ತೆ ಇಟ್ಟದ್ದು. ವರ್ಷ ವರ್ಷವೂ ಹೊಸದನ್ನು ಅದಕ್ಕೇ ಬೆರೆಸಿ ಉಳಿಸಿಕೊಂಡು ಬಂದದ್ದು. ಯುದ್ಧದಲ್ಲಿ ಊರು ಬಿಡುವಾಗ ಅತ್ತೆ ಅಕ್ಕಿ ಮೂಟೆ ಬಿಟ್ಟು ಅದನ್ನು ತಲೆಯ ಮೇಲೆ ಹೊತ್ತು ಬೂಸಾನಿಗೆ ಬಂದಿದ್ದಳು. ನನ್ನ ಕೈಗೊಪ್ಪಿಸಿ ಕಣ್ಣು ಮುಚ್ಚಿದಳು. ಅಂಥದ್ದು ನನ್ನ ಕಾಲದಲ್ಲಿ ಮಣ್ಣುಪಾಲಾಯಿತು.

"ಅಕ್ಕ, ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡಿ. ಬಿರುಕಿಗೆ ಸಿಮೆಂಟ್ ಮೆತ್ತಿಬಿಟ್ರೆ ಮುಗೀತು" ಎಂದ.

"ಜಾಡಿಗೂ ಮೆತ್ತುತ್ತೀಯೇನೋ?"

"ಅಯ್ಯೋ, ಉಪ್ಪುನೀರು ತಾನೆ? ಅಂಗಡೀಲಿ ಬಾಟಲಿ ಸಿಗುತ್ತೆ. ನಾನೇ ತಂದ್ಕೊಡ್ತೀನಿ ಬಿಡಿ."

ಉಪ್ಪುನೀರಂತೆ! ಅವನ ನಾಲಿಗೆ ಸೇದಿಹೋಗಲಿ. ಮರುದಿನ ನಿಜವಾಗಿಯೂ ಒಂದು ಪ್ಲಾಸ್ಟಿಕ್ ಬಾಟಲಿ ತಂದು ಬಾಗಿಲಲ್ಲಿಟ್ಟು ಹೋದ. ನಾನು ಬಿಸಾಡಲಿಲ್ಲ. ಎತ್ತಿಟ್ಟುಕೊಂಡೆ.

ಆಮೇಲೆ ಮುರಿದ ಕಟ್ಟೆಯ ಮುಂದೆ ಕೂತು ನೋಡಿದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟ್ ಪದರ ಪದರವಾಗಿ ಎದ್ದಿತ್ತು. ಸಾಸ್ ಚೆಲ್ಲದ ಮೂಲೆಯಿಂದ ಒಂದು ಚೂರು ಕಿತ್ತು ನಾಲಿಗೆಗೆ ಮುಟ್ಟಿಸಿದೆ. ಬದುಕಿಡೀ ಸಾಸಿನ ಹದ ನೋಡಿದ ನಾಲಿಗೆ ಇದು, ಮೋಸ ಹೋಗುವುದಿಲ್ಲ. ಉಪ್ಪು! ಇನ್ನೊಂದು ಚೂರು ಒಡೆದರೆ ಒಳಗೆ ಕಪ್ಪೆಚಿಪ್ಪು. ನದಿ ಮರಳು ಎಂದು ಆಣೆ ಮಾಡಿ, ಕಡಲ ದಂಡೆಯ ಮರಳನ್ನು ತೊಳೆಯದೆ ಸುರಿದಿದ್ದ ಬೇವರ್ಸಿ.

ಮೇಲೆ ಮೆತ್ತಿದರೆ ಒಳಗಿನ ಉಪ್ಪು ಎಲ್ಲಿಗೆ ಹೋಗುತ್ತದೆ? ಮಳೆ ಬಂದರೆ ಮತ್ತೆ ಉಬ್ಬುತ್ತದೆ, ಮತ್ತೆ ಕುಸಿಯುತ್ತದೆ. ತಿಪ್ಪೆ ಸಾರಿಸುವ ಕೆಲಸ ನನಗೆ ಬೇಡ. ಪೂರ್ತಿ ಒಡೆದು ಹೊಸದು ಹಾಕಿಸಬೇಕು ಎಂದು ಬುದ್ಧಿ ಹೇಳಿತು. ಯಾವತ್ತು ಒಡೆಯಬೇಕು ಎಂದು ಹೇಳಿದ್ದು ಮಾತ್ರ ಹೊಟ್ಟೆಯ ಉರಿ.

ಏಕೆಂದರೆ ದೊಕ್ಗು ಸಿಮೆಂಟ್ ಉಳಿಸಲು ತನ್ನ ಮನೆಯ ಮೆಟ್ಟಿಲನ್ನೂ ನನ್ನ ಕಟ್ಟೆಗೇ ಸೇರಿಸಿ, ನನ್ನ ಜಾಗದಲ್ಲೇ ಎರಕ ಹೊಯ್ದಿದ್ದ. ನಮ್ಮದು ಗುಡ್ಡದ ಓಣಿ. ಆ ಮೆಟ್ಟಿಲು ಹೋದರೆ ಅವನ ಬಾಗಿಲು ಆಳೆತ್ತರದಲ್ಲಿ ನೇತಾಡುತ್ತದೆ. ಶನಿವಾರ ಸಂಜೆ ಅವನ ಮಗಳು ಯೊಂಜುವಿಗೆ ಗಂಡಿನ ಕಡೆಯಿಂದ ಮದುವೆ ಉಡುಗೊರೆಯ ಪೆಟ್ಟಿಗೆ ಬರುವುದಿತ್ತು. ಗಂಡಿನ ಗೆಳೆಯರು ಅದನ್ನು ಹೊತ್ತು ಓಣಿಯುದ್ದಕ್ಕೂ ಕೂಗುತ್ತಾ ಬಂದು, ಕೆಡುಕು ಓಡಿಸಲು ಹೊಸ್ತಿಲಲ್ಲಿ ಸೋರೆಬುರುಡೆ ತುಳಿದು ಒಡೆದೇ ಒಳಗೆ ಹೋಗಬೇಕು. ಶನಿವಾರ ಬೆಳಿಗ್ಗೆಗೇ ನಾನು ಸಮ್ಮಟಿಯವನನ್ನು ಕರೆಸಿದೆ. ಮಾಡಿದ್ದುಣ್ಣೋ ಮಹಾರಾಯ!

ಮೊದಲ ಏಟಿಗೇ ದೊಕ್ಗುವಿನ ಹೆಂಡತಿ ಓಡಿ ಬಂದಳು.

"ಅಕ್ಕ, ನಿಲ್ಲಿಸಿ! ಮೆಟ್ಟಿಲ ಮೇಲೆ ನಮ್ಮ ಜಾಡಿ ಇದೆ!"

"ಒಡೆದ್ರೆ ಒಡೀಲಿ, ಯೊಂಜು ಅಮ್ಮ. ಅಂಗಡೀಲಿ ಬಾಟಲಿ ಸಿಗುತ್ತಂತೆ. ನಿನ್ನ ಗಂಡನ್ನೇ ಕೇಳು."

"ಅದು ನಿಮ್ಮದೇ ಅಕ್ಕ!" ಅವಳು ನನ್ನ ಕೈ ಹಿಡಿದುಕೊಂಡಳು. "ಯೊಂಜು ಹುಟ್ಟಿದಾಗ ಬಾಣಂತಿ ಸಾರಿಗೆ ಅಂತ ನಿಮ್ಮತ್ತೆ ಒಂದು ಬಟ್ಟಲು ತಂದ್ಕೊಟ್ಟಿದ್ರು. ಅದನ್ನೇ ಹೆಪ್ಪಿಟ್ಕೊಂಡು ಬಂದಿದೀನಿ. ಹೆಪ್ಪು ಮನೆಯಾಚೆ ಹೋಯ್ತು ಅಂದ್ರೆ ಸೊಸೆ ಸುಮ್ನಿರಲ್ಲ, ಬಾಯಿ ಬಿಡಬೇಡ ಅಂದಿದ್ರು. ಈ ವಾರ ಹೇಳೋಣ ಅಂದ್ರೆ ನಿಮ್ಮ ಮುಖ ನೋಡೋಕೇ ಭಯ ಆಯ್ತು."

ಮುಚ್ಚಳ ತೆಗೆದು ಬೆರಳದ್ದಿ ನಾಲಿಗೆಗಿಟ್ಟೆ. ಅತ್ತೆ! ಕಣ್ಣಲ್ಲಿ ನೀರು ಧಾರಾಕಾರ ಸುರಿಯಿತು. ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟೆ.

ದೊಕ್ಗು ಹಲ್ಲು ಕಿರಿಯುತ್ತಾ ಬಂದ. "ನೋಡಿದ್ರಾ ಅಕ್ಕ, ಎಲ್ಲಾ ಸರಿಹೋಯ್ತು. ಇನ್ನು ಸ್ವಲ್ಪ ಮೆತ್ತಿಬಿಡೋಣ."

ನನ್ನ ಅಳು ತಟ್ಟನೆ ನಿಂತಿತು.

"ಜಾಡಿ ಎತ್ತೋ."

"ಅಕ್ಕ, ನನ್ನ ಸೊಂಟ..."

"ಎತ್ತೋ ಅಂದೆ! ನನ್ನ ಅಡಿಗೆಮನೇಲಿ ಇಳಿಸು. ಒಂದು ತೊಟ್ಟು ಚೆಲ್ಲಿದ್ಯೋ, ನಿನ್ನ ಚರ್ಮ ಸುಲಿದು ಮುಚ್ಚಳ ಮಾಡ್ತೀನಿ."

ಬೆನ್ನ ಮೇಲೆ ಜಾಡಿ ಹೊತ್ತು, ಒಂದೊಂದೇ ಹೆಜ್ಜೆಯಿಡುತ್ತಾ ಹೋದ. ಅದು ನೆಲ ಮುಟ್ಟಿದ್ದನ್ನು ನೋಡಿಕೊಂಡು ಸಮ್ಮಟಿಯವನಿಗೆ ಹೇಳಿದೆ: "ಹ್ಞೂಂ, ಈಗ ಹೊಡಿಯಪ್ಪ."

ಸಂಜೆ "ಪೆಟ್ಟಿಗೆ ಬಂತು, ಪೆಟ್ಟಿಗೆ!" ಎಂದು ಕೂಗುತ್ತಾ ಬಂದ ಹುಡುಗರು ಕಾಂಕ್ರೀಟಿನ ಗುಡ್ಡೆಯ ಮುಂದೆ ಬಾಯಿ ಬಿಟ್ಟು ನಿಂತರು. ಓಣಿಯ ಜನವೆಲ್ಲ ಹೊರಗೆ. ರೇಷ್ಮೆಯುಟ್ಟ ಯೊಂಜು ಬಾಗಿಲಲ್ಲಿ ಬಿಕ್ಕುತ್ತಿದ್ದಳು. ಆ ಮಗುವಿನ ಮೇಲೆ ನನಗೇನೂ ಹಗೆಯಿಲ್ಲ. ದೊಕ್ಗು ಕಿಟಕಿಯಿಂದ ನನ್ನ ಅಂಗಳಕ್ಕೆ ಹಾರಿ ಬಂದು ಕೈಮುಗಿದ.

"ನಿಮ್ಮ ಮನೇಲೇ ಪೆಟ್ಟಿಗೆ ಇಳಿಸ್ಕೊಳ್ಳಿ ಅಕ್ಕ. ಮರ್ಯಾದೆ ಉಳಿಸಿ."

"ಆಗಲಿ. ಕಟ್ಟೆಗೆ ಏನು ಸುರಿದಿದ್ದೆ ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳು."

"ಮರಳು..."

"ಯಾವ ಮರಳು?"

"ಕಡಲ ಮರಳು. ತೊಳೀದೇ ಇರೋದು."

ಅವನಿಂದ ಕೆಲಸ ಮಾಡಿಸಿಕೊಂಡವರೆಲ್ಲ ತಂತಮ್ಮ ಗೋಡೆಗಳ ಕಡೆ ತಿರುಗಿ ನೋಡಿದರು. ಉಪ್ಪು ತಿಂದವನು ನೀರು ಕುಡಿಯಲೇಬೇಕು.

ನಾನು ಸೋರೆಬುರುಡೆಯನ್ನು ನನ್ನ ಹೊಸ್ತಿಲಲ್ಲಿಟ್ಟೆ. ಪೆಟ್ಟಿಗೆ ಹೊತ್ತ ಹುಡುಗ ಕಾಲಿಟ್ಟ, ಬುರುಡೆ ಫಟ್ಟೆಂದು ಒಡೆಯಿತು, ಯೊಂಜು ನಕ್ಕಳು. ಬಂದವರಿಗೆಲ್ಲ ಬಿಸಿ ತೋಫು ಬಡಿಸಿ, ಪಕ್ಕಕ್ಕೆ ಅತ್ತೆಯ ಸಾಸಿಟ್ಟೆ. ನಾಲಿಗೆ ಚಪ್ಪರಿಸದವರಿಲ್ಲ.

ದೊಕ್ಗುವೂ ಬಟ್ಟಲಿಗೆ ಕೈ ಚಾಚಿದ. ನಾನು ಬಟ್ಟಲನ್ನು ಆಚೆ ಸರಿಸಿ, ಎತ್ತಿಟ್ಟಿದ್ದ ಪ್ಲಾಸ್ಟಿಕ್ ಬಾಟಲಿಯನ್ನು ಅವನ ಮುಂದಿಟ್ಟೆ.

"ನೆಂಚ್ಕೊಳ್ಳೋ, ನೀನೇ ತಂದಿದ್ದು. ಇದೂ ಉಪ್ಪುನೀರು ತಾನೆ?"