ಎಂಬತ್ತಮೂರನೆಯ ಗರಿ

ಸಂಜೆ ನಾಲ್ಕಾಯಿತೆಂದರೆ ಶಿವಯೋಗೀಶರ ಕಿವಿ ತಾನಾಗಿ ಬಾಗಿಲ ಕಡೆಗೆ ಹೊರಳುತ್ತಿತ್ತು. ನವನಗರದ ಆ ಮನೆಯ ಪಡಸಾಲೆಯಲ್ಲಿ ಎರಡು ಚಾಪೆ ಹಾಸಿಯೇ ಇದ್ದವು. ಒಂದರ ಮುಂದೆ ವ್ಯಾಸಪೀಠ, ಅದರ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿದ ತಾಳೆಗರಿಯ ಕಟ್ಟು. ಇನ್ನೊಂದರ ಮುಂದೆ ಅದೇ ಕಾವ್ಯದ ಕಾಗದಪ್ರತಿ, ಒಂದು ಪೆನ್ಸಿಲು. ಈ ಎರಡನೆಯ ಚಾಪೆ ಬರಿದಾಗಿ ಹದಿನೆಂಟು ದಿನಗಳಾಗಿದ್ದವು.

ಉಪ್ಪಿನಬೆಟಗೇರಿಯ ಮನೆಯೊಂದರ ಅಟ್ಟದ ಮೇಲೆ ದೊರೆತ ಆ ಹಳಗನ್ನಡ ಶಿವಕಾವ್ಯವನ್ನು ಶುದ್ಧಗೊಳಿಸಿ ಅಚ್ಚಿಗೆ ಕೊಡಬೇಕೆಂಬುದು, ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿ ನಿವೃತ್ತರಾದ ಶಿವಯೋಗೀಶರ ಕಡೆಯ ಸಂಕಲ್ಪ. ಕೆಲಸದ ಕ್ರಮ ಹಳೆಯದು. ಒಬ್ಬರು ಗರಿಯನ್ನು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಕಾಗದಪ್ರತಿಯ ಮೇಲೆ ಕಣ್ಣಿಟ್ಟು, ಎಲ್ಲಿ ಪಾಠ ಬೇರೆಯಾಯಿತೋ ಅಲ್ಲಿ ಗುರುತು ಹಾಕಬೇಕು. ಇಬ್ಬರಿಲ್ಲದೆ ಅದು ಒಂದಡಿಯೂ ಸಾಗದು. ಎಂಬತ್ತೆರಡು ಗರಿ ಸುಜಾತಾಳೊಡನೆ ಸಾಗಿತ್ತು. ಉಣಕಲ್ಲಿನ ಬೌದ್ಧ ಮನೆತನದವಳು; ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು; ಅವಳ ಕಣ್ಣು ತಪ್ಪಿಸಿ ಒಂದಕ್ಷರವೂ ದಾಟುತ್ತಿರಲಿಲ್ಲ.

ಆದರೆ ಅವಳು ಹೂಂಗುಟ್ಟುತ್ತಿರಲಿಲ್ಲ.

ಶಿವಯೋಗೀಶರು ಬೆಳೆದ ಮನೆಗಳಲ್ಲಿ ಹೇಳುವವರೊಬ್ಬರಿದ್ದರೆ ಹೂಂ ಎನ್ನುವವರೊಬ್ಬರು ಇರಲೇಬೇಕು. ಪುರಾಣವಾಗಲಿ, ಪೇಟೆಯ ಸುದ್ದಿಯಾಗಲಿ, ಹೂಂ ಬರಲಿಲ್ಲವೆಂದರೆ ಹೇಳುವವನು ಅರ್ಧಕ್ಕೇ ನಿಂತು, ಕೇಳುವವರಿಗೆ ನಿದ್ದೆ ಹತ್ತಿತೆಂದೋ ಮುನಿಸು ಬಂತೆಂದೋ ಬಗೆಯುವನು. ಮಡದಿ ಶರಣವ್ವ ಇದ್ದಾಗ, ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಪ್ರತಿ ಪದ್ಯದ ತುದಿಗೆ ‘ಹೂಂ’ ಎಂದು ಉದ್ದಕ್ಕೆ ಎಳೆಯುತ್ತಿದ್ದಳು. ಆ ದನಿ ನಿಂತು ಮೂರು ವರ್ಷ. ಸುಜಾತಾಳೋ ಓದಿನುದ್ದಕ್ಕೂ ಮೌನಿ. ಒಪ್ಪಿದಳೋ, ಬೇಸತ್ತಳೋ, ಒಳಗೊಳಗೇ ನಕ್ಕಳೋ ತಿಳಿಯದು. ಎಂಬತ್ತಮೂರನೆಯ ಗರಿಯ ದಿನ ಅವರ ತಾಳ್ಮೆ ಹರಿಯಿತು.

“ನಾ ಏನು ಗ್ವಾಡಿಗೆ ಓದಿ ಹೇಳಾಕತ್ತೇನೇನು? ಒಮ್ಮೆರೆ ಹೂಂ ಅನ್ನಬಾರದ? ಹಿರ್ಯಾರು ಹೇಳೂ ಮುಂದ ಹೂಂ ಅನ್ನೂದು ನಿಮ್ಮ ಮನ್ಯಾಗ ಕಲಿಸಿಲ್ಲೇನು?”

ತೆರೆದ ಬಾಯಿಯನ್ನು ಸುಜಾತಾ ಮುಚ್ಚಿದಳು. ಪೆನ್ಸಿಲನ್ನು ಪ್ರತಿಯ ನಡುವಿಟ್ಟು, “ಕಲಿಸಿಲ್ಲರಿ, ಸರ್,” ಎಂದು ಕೈಮುಗಿದು ಹೋದಳು. ಮತ್ತೆ ಬರಲಿಲ್ಲ. ಫೋನು ಮಾಡೋಣವೆಂದರೆ ಇವರ ಹಿರಿತನ ಬಿಡಲಿಲ್ಲ.

ಹತ್ತೊಂಬತ್ತನೆಯ ದಿನ ಆ ಜಾಗಕ್ಕೆ ನೆರೆಮನೆಯ ಮಡಿವಾಳಪ್ಪ ಬಂದರು. ಹತ್ತಿಯ ವ್ಯಾಪಾರವನ್ನು ಮಕ್ಕಳಿಗೊಪ್ಪಿಸಿ ನಿಶ್ಚಿಂತರಾದವರು. ಹೂಂ ಎನ್ನುವುದರಲ್ಲಿ ಬಲು ಧಾರಾಳಿ. ಮೊದಲ ದಿನ ಶಿವಯೋಗೀಶರ ಎದೆ ತುಂಬಿತು. ಎರಡನೆಯ ದಿನ ಸಂದೇಹ ಹುಟ್ಟಿತು. ಮೂರನೆಯ ದಿನ ಬೇಕೆಂದೇ ಒಂದು ಪದ್ಯವನ್ನು ಮೂರು ಸಲ ಓದಿದರು. ಮೂರು ಸಲವೂ ಹೂಂ ಬಂತು.

“ಭಾರಿ ಐತಿ ಬಿಡ್ರಿ, ಪಂಡಿತರ!”

“ಏನು ಭಾರಿ ಐತಿ?”

“ಅದರೀ, ನೀವು ಓದಿದ್ದು.”

“ಗುರ್ತು ಎಲ್ಲಿ ಹಾಕೀರಿ?”

“ಗುರ್ತು? ನೀವ ಓದೂ ಮುಂದ ತಪ್ಪು ಎಲ್ಲಿಂದ ಬರಬೇಕ್ರಿ?”

ಮಡಿವಾಳಪ್ಪ ಎದ್ದುಹೋದ ಮೇಲೆ ಪಡಸಾಲೆಯಲ್ಲಿ ಕುಳಿತ ಪಂಡಿತರಿಗೆ ಇನ್ನೊಂದು ಸದ್ದು ನೆನಪಾಯಿತು: ಓದನ್ನು ಹಿಂಬಾಲಿಸಿ ಕಾಗದದ ಸಾಲುಗಳ ಮೇಲೆ ಹರಿಯುವ ಪೆನ್ಸಿಲಿನ ಸಣ್ಣ ಸರಸರ. ತಾವು ಎಡವಿದಲ್ಲೆಲ್ಲ ಅದು ನಿಲ್ಲುತ್ತಿತ್ತು. ನಿಂತೊಡನೆ ತಾವು ಅರಿಯದೆಯೇ ಹಿಂದಿನ ಸಾಲಿಗೆ ಮರಳುತ್ತಿದ್ದರು. ಎಂಬತ್ತೆರಡು ಗರಿಯುದ್ದಕ್ಕೂ ಅವಳು ಉತ್ತರ ಕೊಡುತ್ತಲೇ ಇದ್ದಳು. ಆ ಸದ್ದಿಗಾಗಿ ಅವರ ಜೀವ ಹಂಬಲಿಸಿತು.

ಮರುದಿನ ಮಧ್ಯಾಹ್ನ ಚಿಗರಿ ಎಂಬ ನಗರಬಸ್ಸು ಹತ್ತಿ ಉಣಕಲ್ಲಿಗೆ ಹೋದರು. ಸುಜಾತಾ ಕಾಲೇಜಿನಿಂದ ಬಂದಿರಲಿಲ್ಲ. ತಾಯಿ ಕಸ್ತೂರೆವ್ವ ಹೊಸ್ತಿಲಲ್ಲಿ ನಿಂತು ಮಾತನಾಡಿಸಿದಳು; ಇವರು ಅಂಗಳದ ಬಿಸಿಲಿನಲ್ಲಿ ನಿಂತು, ಹೂಂ ಅನ್ನಲಿಲ್ಲವೆಂದು ಮಗಳನ್ನು ಬೈದದ್ದನ್ನು ಹೇಳಿದರು.

“ನಮ್ಮವ್ವ ಗೌಡ್ರ ಅಂಗಳದಾಗ ನಿಂತು ಜನ್ಮಾಪೂರ್ತಿ ಹೂಂರಿ, ಹೂಂರಿ ಅಂದಾಳ್ರಿ.”

“ಹೂಂ, ತಾಯಿ.”

“ಬೈದ್ರೂ ಹೂಂ. ಹೊಡದ್ರೂ ಹೂಂ.”

“ಹೂಂ.”

“ಮೊಮ್ಮಗಳು ಸಾಲಿಗೆ ಹೊಂಟ ದಿನ ಗಲ್ಲ ಹಿಡದು ಹೇಳಿದ್ಳು: ‘ಕೇಳೂದಾದ್ರ ಬಾಯಿ ಮುಚ್ಚಿ ಪೂರಾ ಕೇಳು. ಆಮ್ಯಾಲೆ ಖರೇ ಅನಿಸಿದ್ರ ಖರೇ ಅನ್ನು, ತಪ್ಪನಿಸಿದ್ರ ತಪ್ಪನ್ನು. ಹೂಂ ಅನ್ನೂದು ನನಗ ಮುಗೀಲಿ.’”

“ಹೂಂರಿ, ತಾಯಿ...”

ಕಸ್ತೂರೆವ್ವ ಮಾತು ನಿಲ್ಲಿಸಿ ದಿಟ್ಟಿಸಿದಳು. ಮುಖದಲ್ಲಿ ತಡೆಯಲಾರದ ನಗು ಮೂಡಿತು. “ಅಯ್ಯ, ಈಗ ನೀವ ಅಂಗಳದಾಗ ನಿಂತು ಹೂಂ ಅನ್ನಾಕತ್ತೀರಲ್ರಿ! ಒಳಗ ಬರ್ರಿ, ಕುಂದರ್ರಿ.”

ಪಂಡಿತರಿಗೆ ನಗಲಾಗಲಿಲ್ಲ. ದಿನವೂ ಲಿಂಗದ ಮುಂದೆ ಮೇಲುಕೀಳಿಲ್ಲವೆಂದು ನುಡಿಯುವ ತಮ್ಮ ನಾಲಗೆ ಆ ಹುಡುಗಿಯಿಂದ ಗೌಡರ ಅಂಗಳದ ಆ ಹೂಂ ಅನ್ನೇ ಬೇಡಿತ್ತೆಂದು ಈಗ ಹೊಳೆದಿತ್ತು. ಒಳಗೆ ಕುಳಿತು, ಅವಳು ಕೊಟ್ಟ ನೀರು ಕುಡಿದರು.

“ತಪ್ಪು ನಂದು ಅಂತ ಹೇಳ್ರಿ. ಚಾಪಿ ಹಾಸೇ ಐತಿ.”

“ಹೇಳ್ತೇನ್ರಿ. ಬರೂದು, ಬಿಡೂದು ಅಕಿಗೆ ಬಿಟ್ಟದ್ದು.”

ಆರು ಸಂಜೆಗಳು ಬರಿದೇ ಕಳೆದವು. ದಿನವೂ ನಾಲ್ಕಕ್ಕೆ ಕಟ್ಟು ಬಿಚ್ಚುವರು. ಅದೇ ಎಂಬತ್ತಮೂರನೆಯ ಗರಿಯನ್ನು ಒಬ್ಬರೇ ಗಟ್ಟಿಯಾಗಿ ಓದುವರು. ದೀಪ ಹಚ್ಚುವ ಹೊತ್ತಿಗೆ ಮತ್ತೆ ಕಟ್ಟುವರು. ಮುಂದಿನ ಗರಿಯನ್ನು ಮುಟ್ಟಲಿಲ್ಲ. ಏಳನೆಯ ದಿನ ಗರಿಯ ಮೊದಲ ಬದಿಯ ಕೊನೆಯ ಪದ್ಯ ಮುಗಿಯುತ್ತಿರುವಾಗ ಬಾಗಿಲಿನಿಂದ ದನಿಯೊಂದು ಬಂತು.

“ತಪ್ಪು ಓದಿದ್ರಿ, ಸರ್.”

ಅವರು ತಲೆಯೆತ್ತಿದರು. ಸುಜಾತಾ ಚಪ್ಪಲಿ ಬಿಡುತ್ತಿದ್ದಳು.

“ಎಲ್ಲಿ?”

“ಮೂರನೇ ಸಾಲು. ಅವತ್ತೂ ಅಲ್ಲೇ ತಪ್ಪಿದ್ರಿ. ಹೇಳಬೇಕಂತ ಬಾಯಿ ತೆರದಿದ್ದೆ, ಅಷ್ಟರಾಗ ನೀವ ಬೈದ್ರಿ.” ಚಾಪೆಯ ಮೇಲೆ ಕುಳಿತು ಪ್ರತಿ ತೆರೆದಳು. “ನಾ ಹೂಂ ಅನ್ನೂದಿಲ್ಲರಿ.”

“ಬ್ಯಾಡವ್ವಾ. ತಪ್ಪು ಅನ್ನು, ಸಾಕು.”

ಅವರು ಆ ಪದ್ಯವನ್ನು ಮೊದಲಿನಿಂದ ಓದಿದರು. ಕೊನೆಯಲ್ಲಿ, ಅಡಿಗೆಮನೆಯಿಂದ ಬರುತ್ತಿದ್ದ ಶರಣವ್ವನ ಹೂಂಗಾಗಿ ಬಿಡುತ್ತಿದ್ದ ಉಸಿರಿನಷ್ಟು ಜಾಗವನ್ನು ಹಳೆಯ ರೂಢಿಯಂತೆ ಬಿಟ್ಟರು. ಅಲ್ಲಿಂದ ಏನೂ ಬರಲಿಲ್ಲ. ಎದುರಿನ ಚಾಪೆಯಲ್ಲಿ ಪೆನ್ಸಿಲು ಎಲ್ಲೂ ತಡೆಯದೆ ಸರಸರ ಹರಿದು ಪದ್ಯದ ತುದಿ ಮುಟ್ಟಿತು. ಶಿವಯೋಗೀಶರು ಗರಿಯನ್ನು ಹೊರಳಿಸಿದರು.